ಕತ್ತೆಗಳು ಇಬ್ಬರು

"ಏನಂದೆ? ಇನ್ನೊಂದ್ಸಲ ಹೇಳು," ಎನ್ನುತ್ತ ನೋರಾ ಚಹಾದ ಕೆಟಲನ್ನು ಮೇಜಿನ ಮೇಲೆ ಕುಕ್ಕಿದಳು.

"ನನ್ನ ಹೊಸ ಕ್ಲಾಸಿನಲ್ಲಿ ಮಕ್ಕಳು ಐದು," ಎಂದಳು ಫಿಡೆಲ್ಮಾ, ಅಳುಕುತ್ತ.

"ಮೊಟ್ಟೆ ಐದು ಕಣೇ. ಆಲೂಗಡ್ಡೆ ಐದು. ಮಕ್ಕಳು ಐವರು! ಐರಿಷ್‌ನಲ್ಲಿ ಮನುಷ್ಯರನ್ನ ಎಣಿಸೋಕೆ ಬೇರೆ ಮಾತಿದೆ ಅಂತ ವಾರದಿಂದ ಬಡ್ಕೋತಿದೀನಿ."

ಹೈಸ್ಕೂಲಿನಲ್ಲಿ ಇಷ್ಟು ವರ್ಷ ಗಣಿತ ಕಲಿಸಿದವಳಿಗೆ ಎಣಿಸಲು ಬರುವುದಿಲ್ಲ ಎಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಫಿಡೆಲ್ಮಾಳ ನಾಲಿಗೆ ಪಳಗಿದ್ದೆಲ್ಲ ಇಂಗ್ಲಿಷಿನಲ್ಲಿ. ಅದಕ್ಕೆ ಮಕ್ಕಳೂ ಒಂದೇ, ಮೊಟ್ಟೆಯೂ ಒಂದೇ. ಐರ್ಲೆಂಡಿನ ಕಾನೆಮಾರಾದ ಈ ಮನೆಯಲ್ಲಿ ಇಂಗ್ಲಿಷ್ ಆಡಿದವರಿಗೆ ರಾತ್ರಿ ಊಟವಿಲ್ಲ. ಐರಿಷ್ ಕಲಿಯಲು ಬಂದು ಉಳಿಯುವವರೆಲ್ಲ ನೋರಾಳ ಆ ಕಾನೂನಿಗೆ ತಲೆಬಾಗಿದವರೇ. ಪ್ರೈಮರಿ ಶಾಲೆಯಲ್ಲಿ ಕಲಿಸಬೇಕೆಂದರೆ ಐರಿಷ್ ಬರಲೇಬೇಕು, ಮೌಖಿಕ ಪರೀಕ್ಷೆಯಲ್ಲಿ ಫಿಡೆಲ್ಮಾ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ನಾಳೆಯೂ ಹಾಗೇ ಆದರೆ ಗುಡ್ಡದಾಚೆಯ ಪುಟ್ಟ ಶಾಲೆಯಲ್ಲಿ ಅವಳಿಗೆಂದು ಕಾದಿದ್ದ ಆ ಕ್ಲಾಸು ಬೇರೆಯವರ ಪಾಲಾಗುತ್ತದೆ.

ಅವಳ ಮುಖ ನೋಡಿ ನೋರಾಳಿಗೆ ಕರುಳು ಚುರುಕ್ ಎಂದಿತು. ಉಳಿದ ಬ್ರೆಡ್ ಚೂರುಗಳನ್ನು ಬಟ್ಟಲಿಗೆ ಹಾಕಿಕೊಂಡು ಎದ್ದಳು. "ಬಾ ಬಂಗಾರ, ಹಿತ್ತಲಲ್ಲಿ ಇಬ್ಬರು ಹಸ್ಕೊಂಡು ನಿಂತಿದಾರೆ."

ಹಿತ್ತಲಲ್ಲಿ ನಿಂತಿದ್ದವು ಕತ್ತೆಗಳು.

"ಕತ್ತೆಗೆ ಎರಡು ಅನ್ನಬೇಕು ನೋರಾ, ಇಬ್ಬರು ಅಲ್ಲ!" ಸೇಡು ತೀರಿಸಿಕೊಂಡ ಖುಷಿ ಫಿಡೆಲ್ಮಾಳಿಗೆ.

"ಅದು ನಿನ್ನ ಪುಸ್ತಕದಲ್ಲಿ. ಹೆಸರು ಹಿಡಿದು ಕರೆದರೆ ಓಡಿ ಬರ್ತಾರೆ, ಬೈದರೆ ಮುನಿಸ್ಕೋತಾರೆ. ಇವರನ್ನ ಎರಡು ಅಂತ ಹೆಂಗನ್ನಲಿ?"

ಮರುದಿನ ಬಿಳಿಗಡ್ಡದ ಪರೀಕ್ಷಕ ಒಂದು ಚಿತ್ರವನ್ನು ಮುಂದಿಟ್ಟು, ಕಂಡದ್ದನ್ನು ಹೇಳಿ ಎಂದ.

"ಸಂತೆ. ಹುಡುಗಿಯರು ಮೂವರು," ಎಂದಳು ಫಿಡೆಲ್ಮಾ. ಆತ ತಲೆಯಾಡಿಸಿದ. ಅವಳಿಗೆ ಧೈರ್ಯ ಬಂತು. "ಕತ್ತೆಗಳು ಇಬ್ಬರು."

ಆತನ ಪೆನ್ನು ನಿಂತಿತು. ಇನ್ನು ಮುಗಿಯಿತು ಎಂದುಕೊಂಡಳು ಫಿಡೆಲ್ಮಾ.

"ಹೈಸ್ಕೂಲು ಬಿಟ್ಟು ಚಿಕ್ಕ ಮಕ್ಕಳ ಹತ್ತಿರ ಯಾಕೆ ಹೋಗ್ತಿದೀರಿ?"

ಬಾಯಿಪಾಠ ಮಾಡಿಕೊಂಡಿದ್ದ ಉತ್ತರ ಆ ಗಳಿಗೆಯಲ್ಲೇ ಕೈಕೊಟ್ಟಿತು. ಬಾಯಿಗೆ ಬಂದದ್ದನ್ನೇ ಹೇಳಿದಳು.

"ಅಲ್ಲಿ ಗಂಟೆ ಹೊಡೆದಾಗಲೆಲ್ಲ ಬೇರೆ ಕ್ಲಾಸು. ಹೆಸರು ಕಲಿಯೋದರೊಳಗೆ ವರ್ಷ ಮುಗಿದಿರುತ್ತೆ. ನನಗೆ ಅಲ್ಲಿ ಮಕ್ಕಳು ನೂರಾ ಅರವತ್ತು. ಇಲ್ಲಿ..." ಅವಳು ಬೆರಳು ಮಡಿಸಿ ಎಣಿಸಿದಳು. "ಇಲ್ಲಿ ಐವರು."

ಪರೀಕ್ಷಕ ಏನೋ ಬರೆದು, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಬಾಗಿಲವರೆಗೆ ಬಂದು ಕೈಕುಲುಕಿದ. ಆಮೇಲೆ ಹೊರಗೆ ಕಾಯುತ್ತಿದ್ದವರಿಗೆ ಕೇಳಿಸದಂತೆ ದನಿ ತಗ್ಗಿಸಿದ.

"ಪಾಸಾದೆ ಅಂತ ನೋರಾಗೆ ಹೇಳಿಬಿಡಿ. ಅಂದಹಾಗೆ, ಹಿತ್ತಲಲ್ಲಿ ಇಬ್ಬರೂ ಚೆನ್ನಾಗಿದಾರಾ?"