ಪ್ರೊಫೆಸರರ ಟ್ರಂಕು

ಭಾಷಣ ಮುಗಿದು ಇನ್ನೂ ಚಪ್ಪಾಳೆ ಬೀಳುತ್ತಿದ್ದಾಗಲೇ ಬಾಗಿಲ ಬಳಿ ಕೂತಿದ್ದ ಗಾಳೆಮ್ಮ ಎದ್ದು ನಿಂತಳು. "ನಂದೊಂದು ಮಾತೈತ್ರಿ ಸಾಹೇಬ್ರ."

ನಲವತ್ತೊಂದನೆಯ ಇಸವಿ. ಯಲಬುರ್ಗಾದ ಸಾಲೆಯಲ್ಲಿ ಅಂದು ಪ್ರೊಫೆಸರ್ ಅಂದಪ್ಪನವರಿಗೆ ಸನ್ಮಾನ. ಇದೇ ಊರಿನ ಕಾಳಿನ ಅಂಗಡಿಯವರ ಮಗ, ವಿಲಾಯತಿಯಲ್ಲಿ ರಾಜ್ಯಶಾಸ್ತ್ರ ಓದಿ ಡಾಕ್ಟರಾಗಿ, ಪ್ರಜೆಗಳ ಹಕ್ಕಿನ ಮೇಲೆ ಪುಸ್ತಕ ಬರೆದು ಬಂದವರು. ಬರುವ ತಿಂಗಳು ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥರ ಕುರ್ಚಿ ಅವರದು, ಪೊಲೀಸರ ವರದಿಯೊಂದು ಸರಿಯಾಗಿ ಹೋದರೆ. ಹಾಗೆಂದೇ ಮುಂದಿನ ಸಾಲಿನಲ್ಲಿ ಪೊಲೀಸ್ ಠಾಣೆಯ ಅಮೀನ ಸಾಹೇಬ ಕಾಗದ ಹಿಡಿದು ಕೂತಿದ್ದ. ನಿಜಾಮರ ಸೀಮೆಯಲ್ಲಿ ಸರಕಾರದ ಇಜಾಜತ್ತು, ಅಂದರೆ ಅನುಮತಿ, ಇಲ್ಲದೆ ಸಭೆ ಕೂಡುವಂತಿರಲಿಲ್ಲ. ಪುರಾತನ ಗ್ರೀಸಿನ ಪ್ರಜೆಗಳ ಹಕ್ಕುಗಳ ಬಗ್ಗೆ ಮಾತಾಡಲು ಇಜಾಜತ್ತು ಸಿಕ್ಕಿತ್ತು. ಗ್ರೀಸು ಎಲ್ಲೋ ದೂರದಲ್ಲಿ, ಯಾರಿಗೇನು ತೊಂದರೆ!

"ಹೇಳವ್ವಾ," ಎಂದರು ಅಂದಪ್ಪನವರು, ನಗುತ್ತಲೇ.

"ನನ್ನ ಗಂಡ ಹುಚ್ಚೀರಪ್ಪನ್ನ ನಿನ್ನೆಯಿಂದ ಚಾವಡ್ಯಾಗ ಕೂಡಿ ಹಾಕ್ಯಾರ್ರಿ. ಜ್ವರ ಬಂದಾವ, ಬಿಟ್ಟಿ ಹೊರಾಕ ನನ್ನ ಕೈಲಿ ಆಗೂದಿಲ್ಲ ಅಂದ. ಅಷ್ಟ ಅಂವ ಮಾಡಿದ ತಪ್ಪು."

"ಏನು ಹೊರೂದಿತ್ತು?"

"ನಿಮ್ಮ ಟ್ರಂಕ ರೀ. ಬನ್ನಿಕೊಪ್ಪ ಟೇಶನ್ನಿಂದ."

ಪುಸ್ತಕ ತುಂಬಿದ ಟ್ರಂಕು ಟಾಂಗಾದಲ್ಲಿ ಹಿಡಿಸುವುದಿಲ್ಲ, ಹಿಂದಿನಿಂದ ಬರುತ್ತದೆ ಎಂದು ಯಾರೋ ಹೇಳಿದ್ದರು. ಹೇಗೆ ಬರುತ್ತದೆ ಎಂದು ಅಂದಪ್ಪನವರು ಕೇಳಿರಲಿಲ್ಲ.

"ಮತ್ತ ಟ್ರಂಕ ಬಂದು ಮುಟ್ಟೇತಲ್ಲ?"

"ಅವನ ಬದ್ಲಿ ನಾ ಹೊತ್ಗೊಂಡು ಬಂದೀನ್ರಿ. ಕೆಲಸ ಏನೂ ನಿಂತಿಲ್ಲ. ಈಗರ ಅವನ್ನ ಬಿಡಸ್ರಿ ನಮ್ಮಪ್ಪಾ. ನೀವು ಒಂದು ಮಾತು ಅಂದ್ರ ಬಿಡ್ತಾರ."

ಅಂದಪ್ಪನವರು ನಾಚಿ, ಅವನನ್ನು ಬಿಡಿರಿ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಅಮೀನನ ಲೇಖನಿ ಕಾಗದದ ಮೇಲೆ ಇಳಿದು ಕಾಯುತ್ತಿರುವುದು ಕಂಡಿತು. ಕೂಲಿಯಿಲ್ಲದೆ ಬಲವಂತವಾಗಿ ದುಡಿಸುವ ಈ ಬಿಟ್ಟಿಯ ಮಾತು ಸಭೆಯಲ್ಲಿ ಎತ್ತಿದರೆ ಅದು ರಾಜಕೀಯ. ರಾಜಕೀಯ ಮಾಡಿದವನಿಗೆ ಕುರ್ಚಿ ಇಲ್ಲ.

"ಇದು ಇವತ್ತಿನ ವಿಷಯಕ್ಕ ಸಂಬಂಧ ಇಲ್ಲವ್ವಾ," ಎಂದರು, ಅವಳ ಮುಖ ನೋಡದೆ. "ಒಂದು ಅರ್ಜಿ ಬರಸಿ ಕೊಡು. ನೋಡ್ತಾರ."

"ಹಂಗಂದ್ರ ಇಷ್ಟೊತ್ತನಕ ಯಾರ ಸುದ್ದಿ ಹೇಳಿದ್ರಿ?" ಎಂದಳು ಗಾಳೆಮ್ಮ. ಜಗಳಕ್ಕಲ್ಲ, ತಿಳಿಯದೆಯೇ ಕೇಳಿದಳು. ಸೆರಗು ಕೊಡವಿ ಚಾವಡಿಯ ಕಡೆ ನಡೆದಳು.

ಜನ ಕರಗಿದ ಮೇಲೆ ಅಮೀನ ಹತ್ತಿರ ಬಂದು ಅಂದಪ್ಪನವರ ಎರಡೂ ಕೈ ಹಿಡಿದುಕೊಂಡ.

"ಮುಬಾರಕ್ ಸಾಹೇಬ್ರ. ರಿಪೋರ್ಟ ಭಾಳ ಛಲೋ ಹೋಗ್ತೈತಿ." ಆಮೇಲೆ ದನಿ ತಗ್ಗಿಸಿದ. "ಖರೇ ಹೇಳ್ತೀನಿ, ನಿಮ್ಮ ಕಿತಾಬು ಓದಿ ನಾ ಹೆದರಿದ್ದೆ. ನಿಮ್ಮನ್ನ ಕಂಡಮ್ಯಾಲ ಜೀವಕ್ಕ ಸಮಾಧಾನ ಆತು."