ಕೆಂಪು ಕಿವಿಯ ಕೋಳಿ

"ನನ್ನ ಕೋಳಿ ಮೊಟ್ಟೆ ಮುಟ್ಟಿಲ್ಲ ಅಂತ ಮಗು ತಲೆ ಮೇಲೆ ಕೈ ಇಟ್ಟು ಆಣೆ ಮಾಡು, ನೋಡೋಣ," ಎಂದಳು ಸಬ್ರೀನ್.

ಗಲೀಲಾಳ ಮುಖ ಕೆಂಪೇರಿತು. ಇಬ್ಬರೂ ಓರಗಿತ್ತಿಯರು. ಫಯ್ಯೂಮ್ ಸೀಮೆಯ ಒಂದು ಹಳ್ಳಿಯಲ್ಲಿ ಅವರದು ಒಂದೇ ಮನೆ, ಒಂದೇ ಒಲೆ, ಮಾಳಿಗೆಯ ಮೇಲೆ ಒಂದೇ ಕೋಳಿಗೂಡು. ಬಿಳಿ ಕಿವಿಹಾಲೆಯ ಕೋಳಿಗಳೆಲ್ಲ ಹಿರಿಯಳಾದ ಗಲೀಲಾಳವು. ಸಬ್ರೀನ್ ತವರಿನಿಂದ ತಂದದ್ದು ಒಂದೇ ಒಂದು, ಕೆಂಪು ಕಿವಿಯದು. ಬಿಳಿ ಕಿವಿಯದು ಬಿಳಿ ಮೊಟ್ಟೆ ಇಡುತ್ತದೆ, ಕೆಂಪು ಕಿವಿಯದು ಕಂದು ಮೊಟ್ಟೆ ಇಡುತ್ತದೆ ಎಂದು ಊರಿನ ಹೆಂಗಸರೆಲ್ಲ ಹೇಳುತ್ತಿದ್ದರು. ಹಾಗಾಗಿ ಹಂಚಿಕೆಗೆ ಜಗಳವೇ ಇರಲಿಲ್ಲ. ಆದರೆ ಗೂಡಿನಲ್ಲಿ ಕಂದು ಮೊಟ್ಟೆ ಒಮ್ಮೆಯೂ ಕಾಣಿಸಲಿಲ್ಲ.

ಕೋಳಿ ಗೊಡ್ಡು ಎನ್ನುವಂತೆಯೂ ಇಲ್ಲ. ಅತ್ತೆ ನಬವಿಯ್ಯಾ ಬೆಳಗಾದರೆ ಒಂದೊಂದೇ ಕೋಳಿಯನ್ನು ಹಿಡಿದು, ಒಳಗೆ ಮೊಟ್ಟೆ ಇದೆಯೇ ಎಂದು ಬೆರಳಿಟ್ಟು ನೋಡುವವಳು. ಕೆಂಪು ಕಿವಿಯದರ ಸರದಿ ಬಂದಾಗ "ಇದೆ" ಎನ್ನುತ್ತಿದ್ದಳು. ಸಂಜೆ ನೋಡಿದರೆ ಇಲ್ಲ! ಇವತ್ತಿನದಾದರೂ ಉಳಿಯಲಿ ಎಂದು ಅದರ ಮೇಲೆ ಬುಟ್ಟಿ ಕವುಚಿ ತಾನೇ ಕಾವಲು ಕೂತಿದ್ದಳು.

"ನನ್ನನ್ನ ಕಳ್ಳಿ ಅಂತೀಯಾ?" ಗಲೀಲಾ ಸಿಡಿದಳು. "ಮದುವೆ ದಿನ ನಿನಗೆ ಮದರಂಗಿ ಹಚ್ಚಿದ ಕೈ ಕಣೇ ಇದು!"

"ನಾನೂ ಆ ಕೈ ವಿಷಯಾನೇ ಹೇಳ್ತಿರೋದು, ಅಕ್ಕ."

"ಬಾಯಿ ಮುಚ್ಕೊಳ್ರೇ ಇಬ್ರೂ," ಎಂದಳು ನಬವಿಯ್ಯಾ. "ಮಗು ಮೇಲಿನ ಆಣೆ ಅಂದ್ರೆ ಹುಡುಗಾಟವಾ? ಸ್ವಲ್ಪ ಕಾಯಿರಿ."

"ಕಾಯೋದೇನು ಬಂತು ಅತ್ತೆ? ತಪ್ಪು ಮಾಡಿದೋರು ಹೆದರಬೇಕು!" ಎಂದಳು ಗಲೀಲಾ.

ತನ್ನ ಮಗಳು ಹನಾದಿಯನ್ನು ಎಳೆದು ಎದುರಿಗೆ ನಿಲ್ಲಿಸಿಕೊಂಡಳು. ಕಂಡ ಕಂಡ ಸಂತರ ಗೋರಿಗೆಲ್ಲ ಹರಕೆ ಹೊತ್ತು ಹೆತ್ತ ಮಗು ಅದು. ಅದರ ತಲೆಯ ಮೇಲೆ ಅಂಗೈ ಊರಿದಳು. "ಇವಳ ಕೋಳಿಯ ಒಂದೇ ಒಂದು ಮೊಟ್ಟೆ ನಾನು ತಗೊಂಡಿದ್ರೆ, ಈ ನನ್ನ ಮಗು..."

ಬುಟ್ಟಿಯೊಳಗಿಂದ ಕೋಳಿ ಮಾಳಿಗೆ ಹಾರಿಹೋಗುವಂತೆ ಕೊಕ್ಕೊಕ್ಕೋ ಎಂದು ಕೂಗಿತು.

"ನಿಲ್ಸೇ!" ಎಂದು ನಬವಿಯ್ಯಾ ಬುಟ್ಟಿ ಎತ್ತಿದಳು. ಹುಲ್ಲಿನ ಮೇಲೆ ಬಿಸಿಬಿಸಿ ಮೊಟ್ಟೆ ಬಿದ್ದಿತ್ತು. ಹಾಲಿನಷ್ಟು ಬಿಳಿ.

ಮೊದಲು ಅರ್ಥವಾದದ್ದು ಗಲೀಲಾಳಿಗೆ. ಬಿಳಿಯದೆಲ್ಲ ತನ್ನದೇ ಎಂದು ದಿನಾ ಮಡಿಲು ತುಂಬಿಕೊಂಡು ಹೋದವಳು ಅವಳೇ. ಕೆಂಡ ಮುಟ್ಟಿದವಳಂತೆ ಮಗುವಿನ ತಲೆಯಿಂದ ಕೈ ಕಿತ್ತುಕೊಂಡಳು.

ಆಣೆ ಕೇಳಿದ್ದ ಸಬ್ರೀನಳ ಮುಖವೂ ಬಿಳುಚಿತ್ತು. ಓಡಿಬಂದು ಮಗುವನ್ನು ಎತ್ತಿ ಎದೆಗೆ ಒತ್ತಿಕೊಂಡಳು. "ಇಲ್ಲ ಅಕ್ಕ, ಆಗಿಲ್ಲ, ಮಾತು ಮುಗಿದಿಲ್ಲ. ಅರ್ಧ ಆಣೆ ಆಣೆ ಅಲ್ಲ, ಅಲ್ವಾ ಅತ್ತೆ? ಹೇಳಿ!"

"ಅಲ್ಲ ಕಣೇ, ಅಲ್ಲ. ದೇವರು ದೊಡ್ಡೋನು."

ಆಗ ಗಲೀಲಾಳಿಗೆ ಉಸಿರು ಬಂತು. ಅಳು, ನಗು ಎರಡೂ ಒಟ್ಟಿಗೆ ಬಂದವು. "ನಾನೇ ತಗೊಂಡಿದ್ದು ಕಣೇ ಸಬ್ರೀನ್, ಎಲ್ಲಾ ನಾನೇ!" ಎಂದು ಹಬ್ಬದ ಸುದ್ದಿಯಂತೆ ಕೂಗಿ ಹೇಳಿದಳು. ಕದ್ದೆನೆಂದು ಒಪ್ಪಿಕೊಳ್ಳುವುದರಲ್ಲಿ ಇಷ್ಟು ನೆಮ್ಮದಿಯಿದೆ ಎಂದು ಯಾರಿಗೆ ಗೊತ್ತಿತ್ತು? ಸಬ್ರೀನಳೂ ನಗತೊಡಗಿದಳು.

ನಬವಿಯ್ಯಾ ಮೊಮ್ಮಗಳಿಗೆ ಮುತ್ತಿಡಲು ಬಗ್ಗಿದಳು. ಮಗುವಿನ ಗಲ್ಲದ ಮೇಲೆ ಬೆಳಗ್ಗೆ ತಿಂದ, ಯಾವ ಕೋಳಿಯದೋ ಮೊಟ್ಟೆಯ ಹಳದಿ ಇನ್ನೂ ಅಂಟಿಕೊಂಡಿತ್ತು. ತಲೆವಸ್ತ್ರದ ತುದಿಯನ್ನು ಎಂಜಲಿನಿಂದ ಒದ್ದೆಮಾಡಿ, ಯಾರಿಗೂ ಏನೂ ಹೇಳದೆ, ಅದನ್ನು ಒರೆಸಿದಳು.