ತೊಂಬತ್ತೈದರೊಳಗೆ

ಮೀಟರಿನ ಅಂಕಿ ತೊಂಬತ್ತೆಂಟಕ್ಕೆ ಹೋಗಿ ನಿಂತಿತು. ಟ್ರ್ಯಾಕಿನ ತಪಾಸಣೆಗಾರ ನವನೀತನ್ ಅದನ್ನು ಸ್ಟಿಯರಿಂಗ್ ಹಿಡಿದು ಕೂತಿದ್ದ ಪದ್ಮಪ್ರಿಯಾಗೆ ತೋರಿಸಿ ಎಂಜಿನ್ ಆಫ್ ಮಾಡಲು ಹೇಳಿದ. ಕೊಯಮತ್ತೂರಿನ ಹೊರಗಿರುವ ಆ ರೇಸ್ ಟ್ರ್ಯಾಕಿನಲ್ಲಿ ಅವತ್ತು ಸ್ವಂತ ಕಾರು ತಂದವರೂ ಓಡಿಸಬಹುದಿತ್ತು. ಆದರೆ ಎಕ್ಸಾಸ್ಟಿನ ಸದ್ದು ತೊಂಬತ್ತೈದು ಡೆಸಿಬೆಲ್ ದಾಟುವಂತಿಲ್ಲ. ಅಳೆಯುವುದು ಮೂರೇ ಸಲ. ಮೂರನೆಯ ಸಲವೂ ಮೀರಿದರೆ ಗೇಟಿನಿಂದಲೇ ವಾಪಸ್. ಇದು ಎರಡನೆಯದು.

"ನಿನ್ನ ಮೀಟರ್ ಸರಿಯಿಲ್ಲ ತಂಬಿ," ಎಂದು ಸುಶೀಂದ್ರ ತಮಿಳಿನಲ್ಲಿ ಹೇಳಿದ. ಪದ್ಮಪ್ರಿಯಾಳ ಕಾರಿನ ಸೈಲೆನ್ಸರ್ ಮಾಡಿದವನು ಅವನೇ. ಕುರಿಚಿಯಲ್ಲಿದ್ದ ಅವನ ಶೆಡ್ಡಿಗೆ ಈರೋಡು, ಸೇಲಂನಿಂದಲೂ ಕಾರುಗಳು ಬರುತ್ತಿದ್ದವು. ಮೀಟರ್ ಅನ್ನುವುದನ್ನು ಅವನು ಕೊಂಡವನೇ ಅಲ್ಲ. ಸೋಮನೂರಿನಲ್ಲಿ ಅಪ್ಪನ ಪವರ್‌ಲೂಮ್ ಶೆಡ್ಡಿನಲ್ಲಿ ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುತ್ತಿದ್ದರೂ ಯಾವುದರ ಬೋಲ್ಟ್ ಸಡಿಲವಾಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಹುಡುಗ ಅವನು. ಈಗ ಐವತ್ತೆಂಟು ವಯಸ್ಸು. ಇವತ್ತಿಗೂ ಆ ಕಿವಿಯನ್ನು ನಂಬಿಯೇ ಕೆಲಸ.

"ಅಣ್ಣಾ, ಇನ್ನೊಂದೇ ಸಲ ಇರೋದು," ಎಂದಳು ಪದ್ಮಪ್ರಿಯಾ. ಅವಳು ವಕೀಲೆ. ಅವನಂತೆ ಅವಳ ಮನೆಮಾತೂ ಕನ್ನಡವೇ ಆದ್ದರಿಂದ ಇಬ್ಬರಿಗೂ ಒಂದು ಸಲುಗೆಯಿತ್ತು. "ಒಂದು ವರ್ಷದಿಂದ ಈ ದಿನಕ್ಕೆ ಕಾಯ್ತಾ ಇದೀನಿ."

"ಇರಮ್ಮಾ ಕೊಂಜ, ಸ್ವಲ್ಪ ತಾಳು. ಮೊದಲನೇ ಸಲ ಜಾಸ್ತಿ ಬಂತು ಅಂತ ಈಗಷ್ಟೇ ಒಳಗೆ ಸದ್ದು ಹೀರೋ ಹೊಸ ಗ್ಲಾಸ್ ವೂಲ್ ತುಂಬಿದೀನಿ. ನೀನೇ ಕೇಳು, ಸೌಂಡು ಎಷ್ಟು ಮೆತ್ತಗಾಗಿದೆ."

ನವನೀತನ್ ಮೀಟರನ್ನು ಕೆಳಗಿಳಿಸಿದ. "ಅಣ್ಣಾ, ಸೈಲೆನ್ಸರ್ ಚೆನ್ನಾಗೇ ಇದೆ. ಮೊದಲು ಆ ಸೀಟಿ ನಿಲ್ಲಿಸಿ."

"ಯಾವ ಸೀಟಿ?"

ನವನೀತನ್ ಒಂದು ಕ್ಷಣ ಅವನ ಮುಖ ನೋಡಿದ. ಆಮೇಲೆ ತಾನೇ ಕಾರಿನೊಳಗೆ ಕೂತು ಎಂಜಿನ್ ಏರಿಸಿದ. ಸುಶೀಂದ್ರ ಮಂಡಿಯೂರಿ, ತಲೆ ವಾಲಿಸಿ ಕೇಳಿಸಿಕೊಂಡ. ಅವನಿಗೆ ಕೇಳಿದ್ದು ಎಂಜಿನ್ನಿನ ಗುಡುಗುಡು ಒಂದೇ. ತಲೆಯೆತ್ತಿ ಪಕ್ಕದಲ್ಲಿ ನಿಂತಿದ್ದ ಪದ್ಮಪ್ರಿಯಾಳನ್ನು ನೋಡಿದ. ಅವಳು ಮುಖ ಕಿವುಚಿಕೊಂಡು ಒಂದು ಕಿವಿಗೆ ಬೆರಳಿಟ್ಟುಕೊಂಡಿದ್ದಳು.

ಎಂಜಿನ್ ನಿಂತ ಮೇಲೆ ಅವಳು ಮೆಲ್ಲಗೆ ಹೇಳಿದಳು: "ಬೆಳಗ್ಗೆಯಿಂದ ಬರ್ತಾನೇ ಇದೆ ಅಣ್ಣಾ. ಸಣ್ಣಗೆ, ಚುಚ್ಚೋ ಥರ. ನಿಮಗೆ ಗೊತ್ತಿರತ್ತೆ ಅಂತ ಸುಮ್ಮನಿದ್ದೆ."

ಸುಶೀಂದ್ರ ಇನ್ನೊಮ್ಮೆ ಸ್ಟಾರ್ಟ್ ಮಾಡಿಸಿ, ಕೈಗವಸು ಕಳಚಿ, ಪೈಪಿನ ಕೆಳಗೆ ಒಂದು ಗೇಣು ದೂರದಲ್ಲಿ ಅಂಗೈ ಆಡಿಸಿದ. ಪೈಪು ಸೈಲೆನ್ಸರಿಗೆ ಸೇರುವ ಜಾಯಿಂಟಿನ ಹತ್ತಿರ ಸೂಜಿಯಷ್ಟು ಸಣ್ಣ ಬಿಸಿಗಾಳಿ ಬೆರಳಿಗೆ ತಗುಲಿತು. ಕೈ ಹಿಂದಕ್ಕೆ ಎಳೆದುಕೊಂಡ. ಆ ಜಾಯಿಂಟನ್ನು ಬೆಳಗ್ಗೆ ಬಿಗಿ ಮಾಡಿ, ಕೇಳಿ ನೋಡಿ, ಸರಿ ಅಂದವನು ಅವನೇ.

ಎಂಜಿನ್ ಆಫ್ ಮಾಡಿಸಿದ. "ನಿನ್ನ ಮೀಟರ್ ಸರಿಯಾಗೇ ಇದೆ ತಂಬಿ," ಎಂದ.

ಪೈಪು ಆರುವವರೆಗೆ ಕಾದು, ಜಾಯಿಂಟಿನ ನಡುವೆ ಸುಟ್ಟಿದ್ದ ಗ್ಯಾಸ್ಕೆಟ್ ತೆಗೆದು ಹೊಸದು ಹಾಕಿದ. ಆಮೇಲೆ ಪದ್ಮಪ್ರಿಯಾಳನ್ನು ಹತ್ತಿರ ಕರೆದ. "ಇಲ್ಲಿ ಕೂತ್ಕೋ. ನಾನು ಒಂದೊಂದೇ ಬೋಲ್ಟ್ ತಿರುಗಿಸ್ತೀನಿ. ಸೀಟಿ ನಿಂತ ಕೂಡಲೇ ಹೇಳು." ಇಷ್ಟು ವರ್ಷದಲ್ಲಿ ಅವನು ಇಂಥ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದಿಲ್ಲ. ಎಂಜಿನ್ ಮತ್ತೆ ಶುರುವಾಯಿತು. ಅವನ ಕೈಯಲ್ಲಿ ಸ್ಪ್ಯಾನರ್ ಇತ್ತು, ಕಣ್ಣು ಮಾತ್ರ ಅವಳ ಮುಖದ ಮೇಲಿತ್ತು. ಮೂರನೆಯ ಬೋಲ್ಟ್ ಅರ್ಧ ಸುತ್ತು ತಿರುಗಿದಾಗ ಅವಳ ಹುಬ್ಬು ಸಡಿಲವಾಯಿತು.

"ನಿಂತಿತು."

"ಪೂರ್ತಿ?"

"ಪೂರ್ತಿ ನಿಂತಿತು ಅಣ್ಣಾ."

ಮೀಟರ್ ತೊಂಬತ್ನಾಲ್ಕು ತೋರಿಸಿತು. ನವನೀತನ್ ಮುಂದಿನ ಗಾಜಿಗೆ ಹಸಿರು ಸ್ಟಿಕರ್ ಅಂಟಿಸಿ, ಹೋಗುವಾಗ ಸುಶೀಂದ್ರನ ಭುಜ ಮುಟ್ಟಿ ಹೋದ.

ಇಪ್ಪತ್ತು ನಿಮಿಷ ಓಡಿಸಿ ಪದ್ಮಪ್ರಿಯಾ ಹೆಲ್ಮೆಟ್ ಕಳಚುತ್ತಾ ಬಂದಳು. ಸುಶೀಂದ್ರ ಟಯರುಗಳ ಸಾಲಿನ ನೆರಳಿನಲ್ಲಿ ಕೂತಿದ್ದ, ಟೂಲ್ ಬಾಕ್ಸನ್ನು ಮುಚ್ಚಿಯೂ ಇರಲಿಲ್ಲ. ಅವಳು ಪಕ್ಕದಲ್ಲಿ ಕೂತಳು.

"ನಮ್ಮ ಚಿಕ್ಕಪ್ಪ ಕಿವಿ ಡಾಕ್ಟರ್ ಅಣ್ಣಾ. ನಾಳೆ ನಾನೇ ಕರ್ಕೊಂಡು ಹೋಗ್ತೀನಿ. ಕಿವಿಗೆ ಮಿಷನ್ ಇಟ್ಕೊಂಡ್ರೆ ಸರಿಹೋಗತ್ತೆ."

"ಹೋಗೋಣ," ಎಂದ. ಸ್ಪ್ಯಾನರನ್ನು ಬಾಕ್ಸಿನೊಳಗೆ ಇಟ್ಟು ಹೇಳಿದ: "ಮನೇಲಿ ಮೊಮ್ಮಗಳಿದಾಳೆ. ನಾಲ್ಕು ವರ್ಷ. ಈಚೆಗೆ ಬಾಯೊಳಗೇ ಏನೋ ಗೊಣಗ್ತಾಳೆ ಅಂತ ದಿನಾ ಗದರಿಸ್ತಾ ಇದ್ದೆ. ಬಾಯಿ ಬಿಟ್ಟು ಗಟ್ಟಿಯಾಗಿ ಮಾತಾಡು ಅಂತ."

ಪದ್ಮಪ್ರಿಯಾ ಅವನ ಕಡೆ ತಿರುಗಿದಳು. "ಅವಳೇನಂತಾಳೆ?" ಎಂದು ಕೇಳಿದಳು.

"ಮೊದಮೊದಲು ಅಳ್ತಿದ್ದಳು. ಈಗ ನನ್ನ ಹತ್ರ ಮಾತಾಡಲ್ಲ. ಎದುರಿಗೆ ಬಂದು ನಿಂತು, ನಾನು ನೋಡೋವರೆಗೂ ಕಾದು, ಕೈಯಲ್ಲೇ ತೋರಿಸ್ತಾಳೆ."